ಅವಮೌದರ್ಯವೂ ಹೃದಯದ ಆರೋಗ್ಯವೂ

ಆರೋಗ್ಯಕ್ಕಾಗಿ ಆಹಾರವನ್ನು ಮಿತಗೊಳಿಸಿದರೆ ಅದು ವ್ರತವೆನಿಸುವುದೇ? ಶ್ರಾವಕರ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ತುಪ್ಪ, ಉಪ್ಪು, ಸಕ್ಕರೆಗಳನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಎಣಿಸುತ್ತದೆ. ತಟ್ಟೆಯಲ್ಲಿ ಎರಡೂ ಒಂದೇ, ಭಾವದಲ್ಲಿ ಬೇರೆ. ಫಲವನ್ನು ಬಯಸಿ ಆಚರಿಸಿದ ವ್ರತದಲ್ಲಿ ನಿದಾನವೆಂಬ ಶಲ್ಯವಿರುತ್ತದೆ; ನಿಃಶಲ್ಯನೇ ವ್ರತಿ.

ಶಹಾಪುರದ ಬಳಿಯ ಶಿರವಾಳದ ಸೀಮೆಯಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಗಳೇ ರೂಢಿಯ ಊಟ. ಇದು ಹೃದಯಕ್ಕೆ ಹಿತವಾದುದು. ಆದರೆ ಸಸ್ಯಾಹಾರವೊಂದೇ ರಕ್ಷೆಯಲ್ಲ. ಕಂದಮೂಲವನ್ನು ತ್ಯಜಿಸಿದ ಮನೆಯಲ್ಲಿಯೂ ಕರಿದ ತಿಂಡಿ, ಹಪ್ಪಳ, ಉಪ್ಪಿನಕಾಯಿಗಳು ಮಿತಿಮೀರಬಹುದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಅಷ್ಟಮಿಯ ಉಪವಾಸವನ್ನು ಮರುದಿನದ ಪಾರಣೆಯ ಭೂರಿಭೋಜನವು ನುಂಗಿಹಾಕಿದರೆ ಸಂಯಮವೆಲ್ಲಿ ಉಳಿಯಿತು?

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಿಗೆ ಶೇ. 90, ಸ್ತ್ರೀಯರಿಗೆ ಶೇ. 94ರಷ್ಟು ಪಾಲು ಕೇವಲ ಒಂಬತ್ತು ಅಂಶಗಳದೆಂದು ಕಂಡಿತು. ತಂಬಾಕು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಹಣ್ಣು-ತರಕಾರಿಗಳ ಕೊರತೆ ಅವುಗಳಲ್ಲಿ ಸೇರಿವೆ. ಸ್ತ್ರೀಯರಿಗೆ ಈ ರೋಗ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಮುಟ್ಟು ನಿಂತ ಬಳಿಕ ಅಪಾಯ ಏರುತ್ತದೆ. ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವಿಲ್ಲದೆಯೂ, ಉಬ್ಬಸ, ವಾಕರಿಕೆ, ಅತಿಯಾದ ಆಯಾಸಗಳು ಅವರಲ್ಲಿ ಕಾಣಿಸಿಕೊಳ್ಳುವುದುಂಟು.

ಇಲ್ಲಿಯೇ ಮನೆಯ ಧರ್ಮಪರೀಕ್ಷೆ. ಗೃಹಿಣಿಯು ಎಲ್ಲರ ಊಟವಾದ ಮೇಲೆ ಉಣ್ಣುತ್ತಾಳೆ. ಅನ್ನ ವ್ಯರ್ಥವಾಗಬಾರದೆಂದು ಹಸಿವಿಲ್ಲದಿದ್ದರೂ ಉಳಿದುದನ್ನು ಮುಗಿಸುತ್ತಾಳೆ. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದೂ ಇತರರಿಗೆ ಅಡಿಗೆ ಮಾಡುತ್ತಾಳೆ. ಅವಳು ಬಳಲಿದರೆ "ಉಪವಾಸದ ದಣಿವು" ಎಂದು ಮನೆಯವರು ಸುಮ್ಮನಾಗುತ್ತಾರೆ. ಕ್ರಿಮಿಕೀಟಗಳಿಗಾಗಿ ನೀರನ್ನು ಸೋಸುವ ಮನೆಯಲ್ಲಿ ತಾಯಿಯ ಉಸಿರಾಟದ ಬಗೆಗೆ ಪ್ರಮಾದವಾದರೆ ಅದು ಅಹಿಂಸೆಯಾಗದು. ಮಧುಮೇಹ, ರಕ್ತದೊತ್ತಡಗಳಿಗೆ ಔಷಧಿ ಸೇವಿಸುವವರು ವೈದ್ಯರನ್ನು ವಿಚಾರಿಸಿ ಉಪವಾಸವನ್ನು ಸಂಕಲ್ಪಿಸಬೇಕು. ಶಕ್ತಿಯನ್ನರಿತು ಮಾಡಿದ ತ್ಯಾಗವೇ ತ್ಯಾಗ.

ಜೋಳವನ್ನು ಬಿತ್ತುವ ಒಕ್ಕಲಿಗನು ಕಾಳಿಗಾಗಿ ಬಿತ್ತುತ್ತಾನೆ. ಕಣಿಕೆ ತಾನಾಗಿ ದೊರೆಯುತ್ತದೆ. ಕಷಾಯಗಳನ್ನು ಕ್ಷೀಣಿಸಲೆಂದು ಊಟವನ್ನು ಒಂದು ತುತ್ತು ಮೊದಲೇ ನಿಲ್ಲಿಸಿದವನಿಗೆ ಆರೋಗ್ಯವೂ ಹಾಗೆಯೇ ಒದಗೀತು. ಒದಗದಿದ್ದರೂ ವ್ರತವು ನಿಷ್ಫಲವಲ್ಲ. ಆರೋಗ್ಯಕ್ಕಾಗಿಯೇ ಮಿತವಾಗಿ ಉಣ್ಣುವವನನ್ನು ನಿಂದಿಸಬೇಕಾಗಿಲ್ಲ. ಅವನು ಮೊದಲ ಮೆಟ್ಟಿಲ ಮೇಲಿದ್ದಾನೆ. ಮುಂದಿನ ಮೆಟ್ಟಿಲು ಭಾವಶುದ್ಧಿಯದು.