ಜಾಣ್ಮೆಯ ಜೂಜು ಕಾಯಕವಾದೀತೇ?

ಪೋಕರ್ ಎಂಬ ಇಸ್ಪೀಟಿನಾಟವು ಅದೃಷ್ಟದ್ದಲ್ಲ, ಜಾಣ್ಮೆಯದೆನ್ನುವರು. ಈ ಮಾತು ಪೂರ್ಣ ಹುಸಿಯಲ್ಲ. ದೊಡ್ಡ ಪಂದ್ಯಾವಳಿಯಲ್ಲಿ ನಿಪುಣನು, ಬಹುಮಾನಕ್ಕೆ ಮುನ್ನವೇ ಹೊರಬಿದ್ದೇನೆಂಬ ಎದುರಾಳಿಯ ಅಂಜಿಕೆಯನ್ನರಿತು, ಕೈಯಲ್ಲಿ ಒಳ್ಳೆಯ ಎಲೆಯಿಲ್ಲದಿದ್ದರೂ ಪಣವನ್ನೇರಿಸಿ ಅವನನ್ನು ಹಿಮ್ಮೆಟ್ಟಿಸುವನು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅಂತರಜಾಲದ ಜಾಣ್ಮೆಯಾಟಗಳ ಮೇಲಿನ ರಾಜ್ಯದ ನಿಷೇಧವನ್ನು ರದ್ದುಪಡಿಸಿತು. ೨೦೨೫ರ ಕೇಂದ್ರ ಶಾಸನವು ಜಾಣ್ಮೆ-ಅದೃಷ್ಟಗಳ ಭೇದವೆಣಿಸದೆ ಅಲ್ಲಿಯ ಹಣದಾಟವನ್ನೆಲ್ಲ ನಿಷೇಧಿಸಿತು.

ಶರಣರ ಪ್ರಶ್ನೆಯಾದರೋ ಬೇರೆ: ಈ ದುಡಿಮೆಯಿಂದ ಲೋಕಕ್ಕೇನು ದೊರೆಯಿತು? ಹಿರೇಗುಂಟನೂರಿನ ಹೊಲದಲ್ಲಿ ಬಿತ್ತಿದ ಒಂದು ಶೇಂಗಾ ಹಲವಾಗುವುದು. ಪಣದ ಮೇಜಿನಲ್ಲಿ ಹಣವು ಬೆಳೆಯದು, ಕೈ ಬದಲಿಸುವುದಷ್ಟೆ. ಸೋತವನು ಒಪ್ಪಿಯೇ ಕುಳಿತನಲ್ಲವೇ ಎನ್ನಬಹುದು. ಅವನು ಒಪ್ಪಿದನು; ಮನೆಯಲ್ಲಿ ಕಾದಿರುವ ಮಕ್ಕಳು ಒಪ್ಪಿದ್ದರೇ? ಆ ಮಕ್ಕಳ ತುತ್ತಿನಿಂದ ದಾಸೋಹ ಸಲ್ಲದು. ದಾಸೋಹಕ್ಕೆ ಸಲ್ಲದ ಗಳಿಕೆಯು, ಎಷ್ಟೇ ಜಾಣ್ಮೆಯದಾಗಿರಲಿ, ಕಾಯಕವಲ್ಲ.