ಜ್ವರಕ್ಕೆ ಕುಳಿತ ಹುಳು



ಕನಕಪುರದ ಕಡೆ ರೇಷ್ಮೆ ಸಾಕುವ ಮನೆಯೊಂದಕ್ಕೆ ಹೋಗಿದ್ದೆ. ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಹನಿದಂತೆ ಕೇಳುತ್ತಿತ್ತು. ಮನೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ರಾತ್ರಿ ಸೊಪ್ಪು ಹಾಕೋ ಸರದಿ ಇವನದು ಸ್ವಾಮಿ. 'ಒಂದ್ ನಿಮಿಷ ಇರವ್ವ, ಈ ಮ್ಯಾಚ್ ಮುಗೀಲಿ' ಅಂತಾನೆ. ಬೆಳಗ್ಗೆ ನೋಡಿದ್ರೆ ಹುಳ ಬರೀ ಕಡ್ಡಿ ಮೇಲೆ!" ಮಗ ಎರಡನೇ ಪಿಯುಸಿ. ಬಲಿಪೂಜೆ ತಪ್ಪಿಸುವವನಲ್ಲ. ತಲೆ ತಗ್ಗಿಸಿ ನಿಂತಿದ್ದ.

ಮೊಬೈಲ್ ಆಟ ಪಾಪವೆಂದು ನಾನು ಹೇಳಲಿ ಎಂದು ಆ ತಾಯಿ ಕಾಯುತ್ತಿದ್ದರು. ನಾನು ಹೇಳಲಿಲ್ಲ. ಪಕ್ಕದ ಚನ್ನಪಟ್ಟಣವು ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಮಕ್ಕಳ ಆಟದಿಂದಲೇ ಅನ್ನ ಉಣ್ಣುವ ಊರಲ್ಲವೇ? ಆಟ ದೇವರ ಕೊಡುಗೆಯೇ. ಆದರೆ ಒಂದು ವ್ಯತ್ಯಾಸ ನೋಡಿ: ಚನ್ನಪಟ್ಟಣದ ಬುಗುರಿ ತಿರುಗುವಷ್ಟು ತಿರುಗಿ ತಾನೇ ಬೀಳುತ್ತದೆ. ಮೊಬೈಲಿನ ಆಟ ಬೀಳುವುದಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕರೆಯುತ್ತದೆ, ದಿನಕ್ಕೊಂದು ಬಹುಮಾನ ಒಡ್ಡುತ್ತದೆ. ಜೊತೆಗಾರರೂ ಕಾಯುತ್ತಿರುತ್ತಾರೆ.

ಆಡುವವರೆಲ್ಲ ರೋಗಿಗಳಲ್ಲ. ಹಿಡಿತ ತಪ್ಪಿ, ಬದುಕು ಕೆಡುತ್ತಿದ್ದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕೆ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಗಿದೆ. ಅಂಥ ಸ್ಥಿತಿ ಕಂಡರೆ ಬೈಯುವುದು ಬಿಟ್ಟು ವೈದ್ಯರ ಬಳಿ ಹೋಗಿ. ನಾಚಿಕೆಪಡಬೇಕಾದದ್ದು ಏನೂ ಇಲ್ಲ. ನಿಷೇಧವೊಂದರಿಂದಲೇ ಎಲ್ಲ ಸರಿಹೋಗದು. 2020ರಲ್ಲಿ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. 2021ರಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂತು. ಎಲ್ಲವೂ ತನಗೆ ಅನುಮತವಾದರೂ ಯಾವುದಕ್ಕೂ ತಾನು ದಾಸನಾಗೆನು ಎಂಬರ್ಥದ ಮಾತನ್ನು ಸಂತ ಪೌಲರು ಕೊರಿಂಥದವರಿಗೆ ಬರೆದರು. ಇದು ಒಳಗಿನಿಂದ ಬರುವ ಹಿಡಿತ.

2025ರ ಸೆಪ್ಟೆಂಬರ್ 7ರಂದು ಹದಿನಾಲ್ಕನೇ ಲಿಯೋ ಜಗದ್ಗುರುಗಳು ಸಂತರೆಂದು ಘೋಷಿಸಿದ ಕಾರ್ಲೋ ಅಕ್ಯುಟಿಸ್‌ರಿಗೂ ಪ್ಲೇಸ್ಟೇಷನ್ ಇತ್ತು. ಅವರು ಅದನ್ನು ಎಸೆಯಲಿಲ್ಲ. ವಾರಕ್ಕೊಂದು ಗಂಟೆ ಎಂದು ತಾವೇ ಮಿತಿ ಹಾಕಿಕೊಂಡರು. ಉಳಿದ ವೇಳೆಯಲ್ಲಿ ಕಂಪ್ಯೂಟರ್ ವಿದ್ಯೆ ಕಲಿತು, ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿದರು. 2006ರಲ್ಲಿ ತೀರಿಕೊಂಡಾಗ ಅವರಿಗೆ ಬರೀ ಹದಿನೈದು ವರ್ಷ.

ಹುಡುಗನಿಗೆ ಇದನ್ನು ಹೇಳಿ, "ಹುಳ ಜ್ವರಕ್ಕೆ ಕೂತಾಗ ಏನು ಮಾಡ್ತೀಯಪ್ಪ?" ಎಂದೆ. "ಸೊಪ್ಪು ಹಾಕಲ್ಲ, ಅಲುಗಾಡಿಸಲ್ಲ." "ಯಾಕೆ?" "ಚರ್ಮ ಕಳಚ್ತಾ ಇರ್ತದೆ. ಆಗ ಹಾಕಿದ್ರೆ ಕೆಲವು ತಿಂತವೆ, ಕೆಲವು ತಿನ್ನಲ್ಲ, ಹುಳ ಏರುಪೇರು ಆಗ್ತದೆ."

ರೇಷ್ಮೆ ಸೀಮೆಯ ಓದುಗರೇ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಲೆ ಎತ್ತಿ ಕದಲದೆ ಕುಳಿತ ಹುಳುವನ್ನು ಕಂಡು, ತಿಳಿಯದವರು ಕಾಯಿಲೆ ಎಂದುಕೊಂಡಾರು. ಆದರೆ ನಾಲ್ಕು ಸಾರಿ ಹೀಗೆ ಉಪವಾಸ ಕೂರದೆ ಅದು ಗೂಡು ಕಟ್ಟುವ ಹಂತಕ್ಕೆ ಬರುವುದಿಲ್ಲ. ನಮ್ಮ ಮಕ್ಕಳಿಗೂ ಏನನ್ನೂ ತಿನ್ನಿಸದ, ಪರದೆಯಿಲ್ಲದ ಹೊತ್ತು ಬೇಕು. ಮೊದಮೊದಲು ಬೇಸರವಾಗುತ್ತದೆ, ಸಿಟ್ಟೂ ಬರುತ್ತದೆ. ಆ ಬೇಸರಕ್ಕೆ ಹೆದರಿ ನಾವೇ ಮೊಬೈಲ್ ಕೈಗಿಡುತ್ತೇವೆ. ಓದು ತಲೆಗೆ ಹತ್ತುವುದೂ, ಪ್ರಾರ್ಥನೆ ಬಾಯಿಂದ ಹೃದಯಕ್ಕೆ ಇಳಿಯುವುದೂ ಆ ಹೊತ್ತಿನಲ್ಲಿಯೇ.

ತಂದೆತಾಯಿಗಳಿಗೊಂದು ಮಾತು. ನಾಲ್ಕಾರು ಜನ ಕೂಡಿ ಆಡುವ ಈ ಆಟಗಳನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಕಿತ್ತುಕೊಂಡರೆ ಜಗಳವೇ. ಶುರು ಮಾಡುವ ಮೊದಲೇ ಎಷ್ಟು ಎಂದು ಮಾತಾಗಲಿ.

"ವಾರಕ್ಕೆ ಒಂದೇ ಗಂಟೇನಾ ಸ್ವಾಮಿ?" ಹುಡುಗ ಕೇಳಿದ. ನೀನೇ ಹೇಳು ಎಂದೆ. ಯೋಚಿಸಿದ. "ದಿನಾ ಒಂದು ಗಂಟೆ. ಸಂಜೆ ಸೊಪ್ಪು ಹಾಕಿದ ಮೇಲೆ. ಆದ್ರೆ ಜಪಸರದ ಹೊತ್ತಲ್ಲಿ ಅಪ್ಪನೂ ರೀಲ್ಸ್ ನೋಡಬಾರದು."

ತಂದೆ ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಪೀಠದ ಪಕ್ಕದ ಗೂಡಿನಲ್ಲಿಟ್ಟರು. ಅಷ್ಟರಲ್ಲಿ ಸೊಪ್ಪಿನ ಹೊತ್ತಾಗಿತ್ತು. ಹುಡುಗ ಎದ್ದು ಹುಳದ ಮನೆಗೆ ಹೋದ.