ಬೆಲೆಯಿಲ್ಲದ ಅಕ್ಕಿ, ಬಿಲ್ಲಿಲ್ಲದ ಕರೆಂಟು

ಬಿಲ್ಲಿನಲ್ಲಿ ಸೊನ್ನೆ ಬಂದ ಮೇಲೆ ಗೀಸರ್ ಆರಿಸಲು ಕಾರಣವೇನಾದರೂ ಉಳಿಯುತ್ತದೆಯೇ? ಮನೆಗಳಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್ ಕರೆಂಟನ್ನು ಉಚಿತವಾಗಿ ಕೊಡುವ ಗೃಹಜ್ಯೋತಿ ಯೋಜನೆ 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದ ಬಚ್ಚಲುಮನೆಗಳಿಗೆ ಧರ್ಮಜಿಜ್ಞಾಸೆಯೊಂದು ಹೀಗೆ ನುಸುಳಿದೆ. 2 ಕಿಲೋವಾಟ್‌ನ ಗೀಸರ್ ಅರ್ಧ ಗಂಟೆ ಕಾಯಿಸಿದರೆ 1 ಯೂನಿಟ್ ಸುಡುತ್ತದೆ. ಒಂದು ಬಕೆಟ್ಟಿನ 15 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಅದರ ಮೂರನೇ ಒಂದು ಪಾಲು ಸಾಕು. ದುಡ್ಡು ತೆರುವವನಿಗೆ ಮಿಕ್ಕಿದ್ದೆಲ್ಲ ನಷ್ಟ, ತೆರದವನಿಗೆ? ಉಳಿತಾಯವೆಂದರೆ ಹಣದ ಮಾತಷ್ಟೇ ಆದರೆ ಅವನಿಗೆ ನಷ್ಟವೇ ಇಲ್ಲ.

ಈ ತರ್ಕವನ್ನು ಹನ್ನೆರಡನೇ ಶತಮಾನದಲ್ಲೇ ಒಪ್ಪದವಳು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಆಯುವ ಶ್ರಮವಿತ್ತು, ಬೆಲೆಯಿರಲಿಲ್ಲ. ತಂದರೆ ಯಾರ ಗಂಟೂ ಕರಗುತ್ತಿರಲಿಲ್ಲ. ಆದರೂ ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಅವಳು ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದಳೆಂಬುದು ಕಥೆ. ಹೆಚ್ಚಿನದನ್ನು ದಾಸೋಹಕ್ಕೆ ಬಳಸಬಹುದಿತ್ತಲ್ಲ ಎಂಬ ವಾದವನ್ನೂ ಅವಳು ಲೆಕ್ಕಕ್ಕಿಡಲಿಲ್ಲ. ಅವಳ ಅಳತೆಗೋಲು ಬೆಲೆಯಾಗಿರಲಿಲ್ಲ, ಇಂದಿಗೆ ಎಷ್ಟು ಬೇಕು ಎಂಬುದಾಗಿತ್ತು. ಆ ದಂಪತಿಯ ಊರೆಂದು ಹೇಳಲಾಗುವ ಅಮರೇಶ್ವರ ಇರುವುದು ರಾಯಚೂರು ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಶಕ್ತಿನಗರದಲ್ಲಿ ನಮ್ಮ ಕರೆಂಟಿಗಾಗಿ ಕಲ್ಲಿದ್ದಲು ಉರಿಯುತ್ತದೆ, ಕೃಷ್ಣೆಯ ನೀರು ಆವಿಯಾಗುತ್ತದೆ. ಬಿಲ್ಲು ಸೊನ್ನೆಯಾದರೂ ಬೂದಿ ಸೊನ್ನೆಯಾಗುವುದಿಲ್ಲ.

ಬಡವರಿಗೆ ಮಿತವ್ಯಯದ ಉಪದೇಶ ಮಾಡುವುದು ಉಳ್ಳವರ ಚಾಳಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಂಡೆಯೊಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಊದುತ್ತಿದ್ದ ಹೆಂಗಸಿಗೆ ಸ್ವಿಚ್ ಒತ್ತಿದರೆ ಬಿಸಿನೀರು ಸಿಗುವುದು ಭೋಗವಲ್ಲ; ಅವಳು ಅದನ್ನು ಬಿಡಬೇಕೆನ್ನುವುದು ಕ್ರೌರ್ಯ. ಆದರೆ ಲಕ್ಕಮ್ಮನಿಗೆ ಯಾರೂ ಉಪದೇಶಿಸಲಿಲ್ಲ, ಅವಳೇ ಬಡವಿ. ಸಾಕು ಎನ್ನುವ ಅಧಿಕಾರ ಸಿರಿವಂತರಿಗೆ ಮಾತ್ರ ಇದೆಯೆನ್ನುವುದು ಬಡತನಕ್ಕೆ ಇನ್ನೊಂದು ಅವಮಾನ. ಒಂದು ಮನೆ ಉಳಿಸಿದರೆ ಶಕ್ತಿನಗರದ ಹೊಗೆ ಕಡಿಮೆಯಾಗದು ಎಂಬುದೂ ನಿಜ. ಒಂದು ಸೇರು ಅಕ್ಕಿ ಮರಳಿಸಿದ್ದರಿಂದ ಮಹಾಮನೆಯ ಕಣಜವೂ ತುಂಬಿರಲಿಕ್ಕಿಲ್ಲ. ಅವಳ ಕಾಳಜಿ ತನ್ನ ಮನೆಯೊಳಗೆ ಆಸೆ ಎಷ್ಟು ಜಾಗ ಹಿಡಿಯುತ್ತಿದೆ ಎಂಬುದರ ಬಗ್ಗೆ. 200 ಯೂನಿಟ್ ದಾಟೀತೆಂದು ತಿಂಗಳ ಕೊನೆಗೆ ಮೀಟರ್ ನೋಡುವವರ ಜಾಣತನವನ್ನು ನಾನು ಹಳಿಯಲಾರೆ. ಆದರೆ ಅದು ಬಿಲ್ಲಿನ ಭಯ, ಗಡಿಯನ್ನು 300ಕ್ಕೆ ಏರಿಸಿದ ದಿನವೇ ಮಾಯವಾಗುವಂಥದ್ದು.